ಗ್ರೀಸಣ್ಣನ ಕಿವಿ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳು ಗಂಡನ ಉಗುರುಗಳನ್ನು ಉಜ್ಜುತ್ತಲೇ ಇದ್ದಳು. ಬಲಗೈ ಮುಗಿದಿತ್ತು. ಎಡಗೈ ಹೆಬ್ಬೆರಳಿನ ಸಂದಿಯಲ್ಲಿ ಮೂವತ್ತು ವರ್ಷದ ಗ್ರೀಸ್ ಕಪ್ಪಗೆ ಕೂತುಬಿಟ್ಟಿತ್ತು.

"ಸಾಕು ಬಿಡೇ," ಎಂದಳು ಓರಗಿತ್ತಿ. "ಮಣ್ಣಿಗೆ ಹೋಗೋ ಕೈ. ಗಾಡಿ ಬರೋ ಹೊತ್ತಾಯ್ತು."

ಅವಳು ಬಿಡಲಿಲ್ಲ.

ಹಿಂದೆ ಮನೆ, ಮುಂದೆ ಶೆಡ್ಡು. ಶೆಡ್ಡಿನ ಮುಂದಿನ ಅಂಗಳದಲ್ಲಿ ಟ್ರೇಲರ್ ಮೇಲೆ ಕೂತ ಎರಡು ದೋಣಿಗಳಿದ್ದವು. ಅವುಗಳ ನೆರಳಲ್ಲಿ ಗಂಡಸರು ಕುರ್ಚಿ ಹಾಕಿಕೊಂಡಿದ್ದರು. ದೋಣಿ ಎಳೆಯುವ ಟ್ರೇಲರ್‌ಗಳ ಚಕ್ರದ ಬೇರಿಂಗ್ ನೋಡುವುದೇ ಸತ್ತವನ ಕಸುಬು. ಊರಿಗೆಲ್ಲ ಅವನು ಗ್ರೀಸಣ್ಣ.

"ಕಿವಿ ಅಂದ್ರೆ ಅವನ ಕಿವಿ," ಎಂಜಿನ್ ರಿಪೇರಿಯವನು ಹೇಳುತ್ತಿದ್ದ. "ಜಾಕ್ ಹಾಕಿ, ಚಕ್ರ ಒಂದ್ಸಲ ತಿರುಗಿಸಿದ್ರೆ ಸಾಕು. ಒಳಗೆ ನೀರು ಹೋಗಿದೆ, ತುಕ್ಕು ಹಿಡಿದಿದೆ ಅಂತ ನಿಂತಲ್ಲೇ ಹೇಳೋನು. ಬಿಚ್ಚಿ ನೋಡಿದ್ರೆ ಹಾಗೇ ಇರೋದು."

"ನನ್ನ ಹೆಂಡ್ತಿ ಗೊಣಗಿದ್ದು ನನಗೇ ಕೇಳಲ್ಲ," ಎಂದ ಮೀನಿನ ವ್ಯಾಪಾರಿ. "ಅವನಿಗೆ ಚಕ್ರ ಗೊಣಗಿದ್ದು ಕೇಳ್ತಿತ್ತು."

ಇಬ್ಬರು ನಕ್ಕು, ಜಾಗ ನೆನಪಾಗಿ ಸುಮ್ಮನಾದರು.

"ಅಂಥ ಕಿವಿಯವನಿಗೆ ಹಾರ್ನ್ ಕೇಳಿಸಲ್ವಾ?" ಎಂದ ಸತ್ತವನ ಅಣ್ಣ, ಬಡಗಿ ಕೆಲಸದವನು. "ಮೂರು ಸಲ ಹೊಡೆದೆ ಅಂದನಂತೆ ಆ ಪಕ್ಕದ್ಮನೆ ಮೇಷ್ಟ್ರು, ಪೊಲೀಸರ ಮುಂದೆ. ಹೊಡೆದೇ ಇಲ್ಲ. ಫೋನ್ ನೋಡ್ಕೊಂಡು ಕಾರು ಹಿಂದಕ್ಕೆ ಬಿಟ್ಟಿದಾನೆ. ನನ್ನ ತಮ್ಮ ಗೇಟಿನ ಹೊರಗೆ ಅಲ್ಲೇ ಕೂತು ಚಕ್ರದ ನಟ್ ಬಿಗೀತಿದ್ದ. ಆ ಮೇಷ್ಟ್ರನ್ನ ಜೈಲಿಗೆ ಕಳಿಸದೆ ನಾನು ಸುಮ್ಮನಿರಲ್ಲ."

ಒಳಗೆ ಅವಳ ಕೈ ನಿಂತಿತು.

* * *

ಐದು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅವನು ಚಕ್ರವೊಂದನ್ನು ತಿರುಗಿಸಿ "ಬೆಣ್ಣೆ ಇದ್ದ ಹಾಗಿದೆ" ಎಂದಿದ್ದ. ಪಕ್ಕದಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವಳು ತಲೆಯೆತ್ತಿದಳು. ಚಕ್ರದೊಳಗೆ ಯಾರೋ ಜಲ್ಲಿ ಅರೆಯುತ್ತಿರುವಂತೆ ಸದ್ದಾಗುತ್ತಿತ್ತು.

"ಇದು ಬೆಣ್ಣೆನಾ?" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕೇಳಿದಳು. ಅವನು ತಿರುಗಿ ಅವಳ ತುಟಿಗಳನ್ನು ನೋಡಿದ. ಆಗ ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

"ಯಾರಿಗೂ ಹೇಳ್ಬೇಡ," ಎಂದ. "ಕಿವುಡನ ಹತ್ರ ಯಾರು ಬೇರಿಂಗ್ ತೋರಿಸ್ತಾರೆ? ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ."

ಅವನ ಕೈಗೆ ಕಲಿಸುವುದು ಏನೂ ಇರಲಿಲ್ಲ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಎಷ್ಟು ಸಡಿಲವಿದೆಯೆಂದು ಬೆರಳೇ ಹೇಳುತ್ತಿತ್ತು. ಚಕ್ರ ತಿರುಗಿಸುತ್ತ ನಟ್ ಬಿಗಿದು, ಮತ್ತೆ ಸಡಿಲಿಸಿ, ಬರೀ ಬೆರಳಲ್ಲಿ ಕೂರಿಸಿ ಪಿನ್ನು ಹಾಕುತ್ತಿದ್ದ. "ಬಿಗಿಯಾದ್ರೆ ಸುಡುತ್ತೆ, ಸಡಿಲಾದ್ರೆ ಕಳಚುತ್ತೆ, ಸಂಸಾರದ ಹಾಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ; ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಸದ್ದು ಮಾತ್ರ ಅವನ ಕೈಗೆ ಎಟುಕುತ್ತಿರಲಿಲ್ಲ. ಅಂದಿನಿಂದ ಯಾವ ಟ್ರೇಲರ್ ಬಂದರೂ ಅವಳು ಸೂಜಿ ದಾರ ಹಿಡಿದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಅವನು ಚಕ್ರ ತಿರುಗಿಸಿ ಅವಳ ಕೈ ನೋಡುತ್ತಿದ್ದ. ಸೂಜಿ ನಡೆಯುತ್ತಿದ್ದರೆ ಬೇರಿಂಗ್ ಚೆನ್ನಾಗಿದೆ ಎಂದರ್ಥ. ನಿಂತರೆ ಕೆಟ್ಟಿದೆ.

"ಏನು ಅನ್ಯೋನ್ಯ," ಎನ್ನುತ್ತಿದ್ದರು ಬಂದವರು. "ಬಿಟ್ಟಿರೋದೇ ಇಲ್ಲ."

* * *

ಗೇಟಿನ ಬಳಿ ಗದ್ದಲವಾಯಿತು. ಗಣಿತದ ಮೇಷ್ಟ್ರು ಬಂದಿದ್ದರು. ಎರಡು ದಿನದಿಂದ ಮಲಗದ ಮುಖ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ಒಂದ್ಸಲ ಮುಖ ನೋಡಿ ಹೋಗ್ತೀನಿ."

"ಇನ್ನೊಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ," ಎಂದ ಅಣ್ಣ.

"ಮುರೀರಿ. ಆದ್ರೆ ನಾನು ಹಾರ್ನ್ ಹೊಡೆದೆ. ಮೂರು ಸಲ ಹೊಡೆದೆ. ಯಾವಾಗ್ಲೂ ಹೊಡೀತೀನಿ, ಯಾವಾಗ್ಲೂ ಅವರು ಏಳ್ತಿದ್ರು." ಮೇಷ್ಟ್ರು ಗೇಟಿನ ಸರಳು ಹಿಡಿದುಕೊಂಡರು. "ಮನೇಲಿ ಯಾರೂ ನಂಬ್ತಿಲ್ಲ. ಈಗ ನನಗೇ ಅನುಮಾನ ಬರ್ತಿದೆ, ಹೊಡೆದೆನೋ ಇಲ್ವೋ ಅಂತ. ಯಾರಾದ್ರೂ ಕೇಳಿಸ್ಕೊಂಡಿದ್ರೆ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು.

"ಅವರಿಗೆ ಕಿವಿ ಕೇಳಿಸ್ತಿರಲಿಲ್ಲ ಭಾವ," ಎಂದಳು. "ಐದು ವರ್ಷ ಆಯ್ತು. ಯಾವಾಗ್ಲೂ ನಾನು ಭುಜ ಮುಟ್ಟಿ ಎಬ್ಬಿಸ್ತಿದ್ದೆ."

"ಬಾಯಿ ಮುಚ್ಚು," ಎಂದ ಅಣ್ಣ. "ಇವತ್ತಾದ್ರೂ ಅವನ ಮಾನ ಉಳಿಸು."

ಎಂಜಿನ್ ರಿಪೇರಿಯವನು ಎದ್ದು ನಿಂತ. "ಹೋದ ತಿಂಗಳು ನನ್ನ ಟ್ರೇಲರ್ ಚೆನ್ನಾಗಿದೆ ಅಂದನಲ್ಲ. ಹಾಗಾದ್ರೆ ಅದರ ಸದ್ದು ಕೇಳಿ ನೋಡಿದ್ದು ಯಾರು?"

"ನಾನು."

ಅವನು ತಿರುಗಿ ಗೇಟಿನಾಚೆ ನಿಂತ ತನ್ನ ಟ್ರೇಲರಿನತ್ತ ನೋಡಿದ. ಮೇಷ್ಟ್ರು ಗೇಟಿನ ಬುಡದಲ್ಲೇ ಕುಸಿದು ಕೂತಿದ್ದರು. ಆರೋಪವಿಲ್ಲದೆ, ಬಿಡಿಸಲಾಗದ ಲೆಕ್ಕವೊಂದರ ಮುಂದೆ ಕೂತವರಂತೆ ಕೇಳಿದರು:

"ಹಾಗಾದ್ರೆ ಅವತ್ತು ನೀವು ಎಲ್ಲಿದ್ರಿ ಅಮ್ಮಾ?"

ಸಂತೆಗೆ ಹೋಗಿದ್ದಳು ಎಂದು ಎಲ್ಲರೂ ಆಗಲೇ ನಂಬಿದ್ದರು. ಓರಗಿತ್ತಿ ಬಾಗಿಲಿನಿಂದ ಬೇಡವೆಂಬಂತೆ ತಲೆಯಾಡಿಸಿದಳು.

"ಜಗಳ ಆಡಿ ಹೋಗಿದ್ದೆ," ಎಂದಳು. "ಕಿವಿಗೆ ಮಿಷನ್ ತಂದು ಒಂದು ವರ್ಷ ಆಗಿತ್ತು. ಹಾಕ್ಕೊಳ್ಳಿ ಅಂದೆ. ಹಾಕ್ಕೊಂಡ್ರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ ಅಂದ್ರು. ನಾನು ಎಷ್ಟು ದಿನ ಅಂತ ಈ ಸ್ಟೂಲಿಗೆ ಅಂಟ್ಕೊಂಡು ಕೂರಲಿ ಅಂದೆ. ಇವತ್ತು ನಿಮ್ಮ ಕಿವೀಲೇ ಕೇಳ್ಕೊಳ್ಳಿ ಅಂದು ದೋಣಿಕಟ್ಟೆಗೆ ಹೋಗಿ ಕೂತ್ಕೊಂಡೆ."

ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡಿದಳು.

"ನೀವು ಹೊಡೆದಿದ್ದು ನಿಜ ಮೇಷ್ಟ್ರೇ. ಅಲ್ಲಿಗೂ ಕೇಳಿಸ್ತು. ಮೂರು ಸಲ. ಪೊಲೀಸರಿಗೂ ಹೇಳ್ತೀನಿ. ಮೊದಲನೇದಕ್ಕೆ ಏಳೋಣ ಅನ್ನಿಸ್ತು. ಏಳ್ಲಿಲ್ಲ. ಸ್ವಲ್ಪ ಒದ್ದಾಡಲಿ, ನನ್ನ ಬೆಲೆ ಗೊತ್ತಾಗಲಿ ಅಂತ ಕೂತೇ ಇದ್ದೆ."

ಅಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

* * *

ಬಂದವರ ಬೈಕು, ಟ್ರೇಲರ್‌ಗಳಿಂದ ಓಣಿ ತುಂಬಿ ಹೆಣದ ಗಾಡಿ ಒಳಗೆ ಬರುವಂತಿರಲಿಲ್ಲ, ಹಲಗೆಯ ಮೇಲೆ ತುದಿಯವರೆಗೆ ಹೊರಬೇಕಿತ್ತು. ಮುಂದೆ ಅಣ್ಣ ಮತ್ತು ಮೀನಿನ ವ್ಯಾಪಾರಿ, ತಲೆಯ ಕಡೆ ಎಂಜಿನ್ ರಿಪೇರಿಯವನು. ನಾಲ್ಕನೆಯ ಮೂಲೆಗೆ ಮೇಷ್ಟ್ರು ಬಂದು ನಿಂತರು. ಅಣ್ಣ ತಿರುಗಿ ನೋಡಿದ, ಮತ್ತೆ ಬಗ್ಗಿ ಹಲಗೆ ಹಿಡಿದ.

ಎಂಜಿನ್ ರಿಪೇರಿಯವನು ಮಾತ್ರ ಕೈ ತೆಗೆದ. "ನನ್ನ ಕೈಲಾಗಲ್ಲ," ಎಂದು ಗೇಟು ದಾಟಿ ಹೋದ. ಹೊರಗೆ ನಿಂತಿದ್ದ ತನ್ನ ಟ್ರೇಲರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಕ್ರವನ್ನು ಹಿಡಿದು ಅಲುಗಿಸಿ ನೋಡತೊಡಗಿದ.

ಅವಳು ಆ ಮೂಲೆಗೆ ಹೋಗಿ ಬಗ್ಗಿದಳು.

"ಭಾರ ಇದೆ ಕಣಮ್ಮ," ಎಂದ ಅಣ್ಣ, ತಿರುಗದೆ.

"ಗೊತ್ತು."

ಎತ್ತಿದರು. ಮೇಷ್ಟ್ರು ಉದ್ದಕ್ಕಿದ್ದರು, ಹಲಗೆ ಅವಳ ಕಡೆಗೆ ವಾಲಿತು. ಸತ್ತವನ ತಲೆ ನಿಧಾನವಾಗಿ ಅವಳತ್ತ ಹೊರಳಿತು. ಅವಳು ತುದಿಗಾಲಲ್ಲಿ ನಿಂತಳು. ಅದನ್ನು ಕಂಡು ಮೇಷ್ಟ್ರು ಮೊಣಕಾಲು ಬಗ್ಗಿಸಿದರು. ಓಣಿಯ ತುದಿಯವರೆಗೂ ಅವರು ಬಗ್ಗಿಕೊಂಡೇ, ಅವಳು ತುದಿಗಾಲಲ್ಲೇ ನಡೆದರು.