ಮಾಸ್ಟ್ರ ಕಾಲು ಜಾರಿದ್ದು

ಜೆಸಿಬಿಯ ಬಕೆಟ್ಟಿನ ಹಲ್ಲು ಬಂಡೆಗೆ ತಾಗಿ ಕಿಡಿ ಹಾರಿತು. ಮುರುಗೇಶ ಲಿವರ್ ಎಳೆದು ಬಕೆಟ್ಟನ್ನು ಮೇಲೆತ್ತಿ, ಒಂದಡಿ ಪಕ್ಕಕ್ಕೆ ಮತ್ತೆ ಇಳಿಸಿದ. ಅಲ್ಲೂ ಕರ್ರೆಂದು ಕಲ್ಲು ಕೂಗಿತು.

"ಆ ಕಡೆ ಬ್ಯಾಡ ಕಣ್ಲಾ, ಈ ಕಡೆ ತೆಗಿ," ಬದುವಿನ ಮೇಲೆ ತಲೆಗೆ ಟವೆಲ್ ಹೊದ್ದು ಕೂತಿದ್ದ ವೆಂಕಟರಾಮಪ್ಪ ಕೂಗಿದರು. ಸತ್ತವರ ಅಣ್ಣ ಅವರು. "ಅಲ್ಲಿ ನಮ್ಮಪ್ಪಯ್ಯನ್ನ ಮಣ್ಣು ಮಾಡೈತೆ. ಅವ್ರ ಪಕ್ಕಕ್ಕೇ ಮಲಗ್ಸಿ ಅಂತ ನನ್ನ ತಮ್ಮ ಯಾವಾಗ್ಲೋ ಹೇಳಿಟ್ಟಿದ್ದ."

ಬೆಳಿಗ್ಗೆಯಿಂದ ನಾಲ್ಕು ಜನ ಗುದ್ದಲಿ, ಹಾರೆ ಹಿಡಿದು ಅಗೆದಿದ್ದರು. ಮೊಣಕಾಲುದ್ದ ಹೋಗುವಷ್ಟರಲ್ಲಿ ಬಂಡೆ ಸಿಕ್ಕಿ ಕೈಚೆಲ್ಲಿದ್ದರು. ಆಮೇಲೆ ಸತ್ತವರ ಮಗ ಹರಿಕೃಷ್ಣ ಜೆಸಿಬಿಗೆ ಫೋನು ಮಾಡಿದ್ದ. ಮುರುಗೇಶ ಆಗ ಅವಲಪಲ್ಲಿಯಲ್ಲಿ ಹೊಸ ಮನೆಯೊಂದಕ್ಕೆ ಸಂಪು ತೋಡುತ್ತಿದ್ದ. ಬಾಗಲೂರು ಹತ್ತಿರ ತೋಟದಲ್ಲಿ ಹೆಣಕ್ಕೆ ಗುಳಿ ತೆಗೀಬೇಕು, ಬೇಗ ಹೋಗು ಅಂದಿದ್ದರು ಮೆಷಿನ್ ಓನರ್. ಯಾರದು ಎಂದು ಇವನು ಕೇಳಲಿಲ್ಲ.

ಊರ ತಿರುವಿನ ಕರೆಂಟು ಕಂಬಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ', ಕೆಳಗೆ ಫೋಟೋ. ಬಿಳಿ ಟೋಪಿ, ಕತ್ತಿನಲ್ಲಿ ವಿಷಲ್. ಮುರುಗೇಶನ ಕಾಲು ತಾನಾಗಿ ಬ್ರೇಕಿನ ಮೇಲೆ ಕೂತಿತು. ಹಿಂದಿದ್ದ ಬಸ್ಸು ಹಾರನ್ ಹೊಡೆದೇ ಹೊಡೆಯಿತು. ಮೆಷಿನ್ ಕೆಟ್ಟಿದೆ ಅಂತ ಹೇಳಿ ವಾಪಸ್ ತಿರುಗಿಸಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಹರಿಕೃಷ್ಣ ಬೈಕಿನಲ್ಲಿ ಎದುರಿಗೆ ಬಂದು, "ಇಂಗೆ ಬನ್ನಿ ಅಣ್ಣಾ, ಇಂಗೇ ಬನ್ನಿ," ಎಂದು ಕೈಬೀಸಿದ. ಅತ್ತು ಅತ್ತು ಅವನ ಕಣ್ಣು ಊದಿದ್ದವು. ಹೊಸೂರಿನ ಫ್ಯಾಕ್ಟರಿಯ ಯೂನಿಫಾರ್ಮ್ ಇನ್ನೂ ಮೈಮೇಲೇ ಇತ್ತು. ಮುರುಗೇಶ ಬೈಕಿನ ಹಿಂದೆ ಹೋದ.

"ಆ ಕಾಲೊಂದು ನೆಟ್ಟಗಿದ್ದಿದ್ರೆ ಇನ್ನೂ ಹತ್ತು ವರ್ಸ ಇರೋನು," ಬದುವಿನ ಮೇಲೆ ವೆಂಕಟರಾಮಪ್ಪ ಪಕ್ಕದಲ್ಲಿದ್ದ ದೂರದ ನೆಂಟ ಶಿವಣ್ಣನಿಗೆ ಹೇಳುತ್ತಿದ್ದರು. "ಓಡಾಡೋ ಮನ್ಸ. ಒಂದು ಕಡೆ ಕುಂತ್ರೆ ಎದೆ ಹಿಡೀದೆ ಇನ್ನೇನಾಯ್ತದೆ?"

"ಅದೆಂಗೆ ಕಾಲ್ ಮುರೀತು ದೊಡ್ಡಪ್ಪ?"

"ಇಸ್ಕೂಲ್ ಮೆಟ್ಲು ಮ್ಯಾಲೆ ಜಾರ್ಬುಟ್ಟ. ಮಳೆ ಬಂದು ಪಾಚಿ ಕಟ್ಟಿತ್ತಂತೆ. ಅಷ್ಟು ಮಕ್ಳಿಗೆ ಓಡೋದು ಕಲ್ಸಿದೋನು, ನೋಡು, ತಾನೇ ಮೆಟ್ಲಿಂದ ಬಿದ್ದ."

ಮುರುಗೇಶ ಇಂಜಿನ್ ಆಫ್ ಮಾಡಿದ.

"ಯಾಕ್ಲಾ ನಿಲ್ಲಿಸ್ದೆ?"

"ಬಿಸಿಯಾಗೈತೆ ತಾತ," ಅಂದ ಅವನು.

*

ಆ ದಿನ ಮಳೆ ಇರಲಿಲ್ಲ. ಫೆಬ್ರವರಿಯ ಬಿಸಿಲಿಗೆ ಮೆಟ್ಟಿಲು ಒಣಗಿ, ಬರಿಗಾಲಿಟ್ಟರೆ ಚುರ್ ಅನ್ನುತ್ತಿತ್ತು.

ಮುರುಗೇಶ ಆಗ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಶಾಲೆಯಲ್ಲಿ ಎರಡು ಗುಂಪಿದ್ದವು. ಕೆರೆಯಾಚೆಯವರು ಮಣಿಕಟ್ಟಿಗೆ ಹಳದಿ ದಾರ ಕಟ್ಟುತ್ತಿದ್ದರು, ಈಚೆಯವರು ಕೆಂಪು. ಯಾಕೆ ಶುರುವಾಯಿತು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನ ಸೀಟಿಗೆ, ನಲ್ಲಿಯ ಸರದಿಗೆ, ನೋಡಿದ ನೋಟಕ್ಕೆ ಹೊಡೆದಾಟ. ಪಿ.ಟಿ. ಮಾಸ್ಟ್ರು ನರಸಿಂಹಪ್ಪ ದಿನಾ ಪ್ರೇಯರ್ ಹೊತ್ತಿಗೆ ಕತ್ತರಿ ಹಿಡಿದು ಸಾಲಿನಲ್ಲಿ ಬಂದು ದಾರಗಳನ್ನು ಕತ್ತರಿಸುತ್ತಿದ್ದರು. ಕೆನ್ನೆಗೆ ಬಿಗಿಯುತ್ತಿದ್ದರು ಕೂಡ. ಹೊಡೆಯಬಾರದು ಅಂತ ಸರ್ಕಾರ ಹೇಳಿದೆ ಸಾರ್ ಎಂದು ಹೆಡ್ಮಾಸ್ಟರು ಎಚ್ಚರಿಸಿದರೆ, "ಸರ್ಕಾರಾನೇ ಬಂದು ಇವ್ರನ್ನ ಸಂಭಾಳಿಸ್ಲಿ," ಅನ್ನುತ್ತಿದ್ದರು.

ಆದರೆ ಮುರುಗೇಶನ ಮೇಲೆ ಅವರ ಕೈ ಎದ್ದಿರಲಿಲ್ಲ. ಅವನು ಗುಂಡು ಎಸೆಯುವವನು. ಕೃಷ್ಣಗಿರಿಯ ಜಿಲ್ಲಾ ಕ್ರೀಡಾಕೂಟಕ್ಕೆ ಅವನನ್ನು ತಾವೇ ಕರೆದುಕೊಂಡು ಹೋಗಿ, ಎರಡನೇ ಬಹುಮಾನ ಬಂದ ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಾಕು ಸಾಕು ಅನ್ನುವವರೆಗೂ ಪರೋಟ ತಿನ್ನಿಸಿದ್ದರು. ಬರುವಾಗ ಬಸ್ಸಿನಲ್ಲಿ ಅವನು ಅವರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಊರು ಬಂದರೂ ಅವರು ಎಬ್ಬಿಸದೆ, ಕಂಡಕ್ಟರ್ ಬೈದ ಮೇಲೆ ಎಬ್ಬಿಸಿದ್ದರು.

ಅಂಥವನು ಬಸ್ಸಿನಲ್ಲಿ ಒಬ್ಬನ ತುಟಿ ಸೀಳುವ ಹಾಗೆ ಟಿಫನ್ ಬಾಕ್ಸಿನಿಂದ ಬಾರಿಸಿದ್ದಾನೆ ಎಂದು ಗೊತ್ತಾದಾಗ ಮಾಸ್ಟ್ರು ಎಲ್ಲರೆದುರು ಏನೂ ಅನ್ನಲಿಲ್ಲ. ಮಧ್ಯಾಹ್ನ ಕಟ್ಟಡದ ಹಿಂದಿನ ಆಟದ ಸಾಮಾನಿನ ಕೋಣೆಗೆ ಕರೆಸಿದರು. ಕೋಣೆಗೆ ಹತ್ತುವ ಮೆಟ್ಟಿಲಿನ ತುದಿಯಲ್ಲಿ ನಿಂತೇ ಕೇಳಿದರು.

"ನೀನೂ ಏನ್ಲಾ? ನೀನೂ?"

"ಅವ್ನೇ ಮೊದ್ಲು ಬೈದ ಸಾರ್."

ಮೊದಲ ಏಟು ಬಿತ್ತು.

"ನಿನ್ನ ನಂಬಿದ್ನಲ್ಲೋ."

ಎರಡನೆಯದು. ಮೂರನೆಯದಕ್ಕೆ ಕೈ ಎತ್ತಿದಾಗ ಮುರುಗೇಶ ಎರಡೂ ಅಂಗೈಗಳನ್ನು ಅವರ ಎದೆಗಿಟ್ಟು ನೂಕಿದ. ಗುಂಡು ಎಸೆಯಲು ಅವರೇ ಪಳಗಿಸಿದ ಕೈಗಳು. ಮಾಸ್ಟ್ರು ಹಿಮ್ಮುಖವಾಗಿ ಮೆಟ್ಟಿಲ ಕೆಳಕ್ಕೆ ಹೋದರು. ಎಡಗಾಲು ಮೈಯಡಿ ಮಡಿಚಿಕೊಂಡಿತು. ಹಸಿ ಕೊಂಬೆ ಮುರಿದ ಹಾಗೆ ಸದ್ದಾಯಿತು.

ವರಾಂಡದ ಕೊನೆಯಲ್ಲಿ ಕನ್ನಡ ಟೀಚರ್ ರಮಾದೇವಿ ನಿಂತಿದ್ದರು. ಅವರು ಓಡಿಬರುವಷ್ಟರಲ್ಲಿ ಮಾಸ್ಟ್ರು ಹಲ್ಲು ಕಚ್ಚಿಕೊಂಡು ಹೇಳಿದ ಮಾತು ಮುರುಗೇಶನಿಗೂ ಕೇಳಿಸಿತು.

"ಕಾಲ್ ಜಾರ್ತು ಟೀಚರ್. ಏನಿಲ್ಲ. ಕಾಲ್ ಜಾರ್ತು."

ಮುರುಗೇಶ ಕಾಂಪೌಂಡು ಹಾರಿ ಓಡಿದ.

*

ಗುಳಿ ಎದೆಯುದ್ದ ಆಗುವ ಹೊತ್ತಿಗೆ ಮನೆಯ ಕಡೆಯಿಂದ ಹೆಂಗಸೊಬ್ಬರು ಕಾಫಿಯ ಲೋಟ ಹಿಡಿದು ಬಂದರು. ಕೂದಲು ಬೆಳ್ಳಗಾಗಿದ್ದರೂ ಆ ನಡಿಗೆ ನೋಡಿದೊಡನೆ ಮುರುಗೇಶನಿಗೆ ಗುರುತು ಹತ್ತಿತು. ಅವನು ಮುಖ ತಿರುಗಿಸಿ ಗ್ರೀಸು ಹಚ್ಚುವವನಂತೆ ಬಗ್ಗಿದ.

"ಕಾಫಿ ತಗೋ ಮುರುಗೇಶ," ಅಂದರು ರಮಾದೇವಿ ಟೀಚರ್.

ಅವನು ಕೈ ಒರೆಸಿಕೊಂಡು ತೆಗೆದುಕೊಂಡ. ಬದುವಿನ ಮೇಲಿದ್ದವರು ಚಟ್ಟದ ಕೆಲಸಕ್ಕೆ ಎದ್ದುಹೋಗಿದ್ದರು.

"ಟೀಚರ್, ಮನೆಯೋರ್ಗೆ..."

"ಯಾರಿಗೂ ಗೊತ್ತಿಲ್ಲ. ಹೆಂಡ್ತಿಗೂ ಹೇಳಿಲ್ಲ ಅವರು. ನನ್ನ ಕೈಲೂ ಆಣೆ ಹಾಕಿಸ್ಕೊಂಡಿದ್ರು, ಪೊಲೀಸು ಗಿಲೀಸು ಅಂತ ಆದ್ರೆ ಹುಡುಗನ ಬಾಳು ಹಾಳಾಗುತ್ತೆ ಅಂತ."

ಮುರುಗೇಶ ಲೋಟವನ್ನು ಕೈ ಬದಲಿಸಿ ಹಿಡಿದ.

"ನಿಮ್ಮನೆಗೂ ಬಂದಿದ್ರಲ್ಲ?"

ಬಂದಿದ್ದರು. ಪರೀಕ್ಷೆಗೆ ಸ್ವಲ್ಪ ದಿನ ಮುಂಚೆ, ಯಾರದೋ ಸ್ಕೂಟರಿನ ಹಿಂದೆ, ಪ್ಲಾಸ್ಟರು ಹಾಕಿದ ಕಾಲನ್ನು ಕಟ್ಟಿಗೆಯಂತೆ ಚಾಚಿಕೊಂಡು. ಮುರುಗೇಶ ಹುಲ್ಲಿನ ಮೆದೆಯ ಹಿಂದೆ ಅವಿತಿದ್ದ. "ಅವ್ನಿಲ್ಲ ಸಾರ್, ಅವ್ರ ಮಾವನ ಊರ್ಗೋಗವ್ನೆ," ಅಂದಿದ್ದಳು ಅವ್ವ ನರಸಮ್ಮ. ಮಾಸ್ಟ್ರು ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ನೋಡಿದರು. ಮೆದೆಯ ಕಡೆಗೂ ನೋಡಿದರು. ಆಮೇಲೆ ಸ್ವಲ್ಪ ಗಟ್ಟಿಯಾಗಿ, ಅವ್ವನಿಗೆ ಹೇಳಬೇಕಾದ್ದಕ್ಕಿಂತ ಗಟ್ಟಿಯಾಗಿ, "ಪರೀಕ್ಷೆ ಬರೀಲಿ ಅಂತೇಳಮ್ಮ. ನಾನೇನೂ ಕೇಳಲ್ಲ ಅಂತೇಳು. ಸುಮ್ನೆ ಬಂದು ಬರ್ದು ಹೋಗ್ಲಿ," ಅಂದರು. ಸ್ಕೂಟರಿಗೆ ಹತ್ತಲಾರದೆ ಎರಡು ಸಲ ತಡವರಿಸಿದರು. ಆಗ ಎದ್ದು ಹೋಗಿ ಹಿಡಿದುಕೊಂಡಿದ್ದರೆ ಆಗುತ್ತಿತ್ತು. ಮೆದೆಯಿಂದ ಸ್ಕೂಟರಿಗೆ ನಾಲ್ಕು ಹೆಜ್ಜೆ. ಅವನು ಏಳಲಿಲ್ಲ. ಮರುವಾರ ಕೃಷ್ಣಗಿರಿ ಕಡೆಯ ಕಲ್ಲು ಕ್ವಾರಿಯ ಲಾರಿಗೆ ಕ್ಲೀನರಾಗಿ ಹೋಗಿಬಿಟ್ಟ. ಊರಿಗೆ ಬಂದ ಮೇಲೂ ಬಾಗಲೂರು ಬಸ್ ಸ್ಟ್ಯಾಂಡಿನಲ್ಲಿ ಊರುಗೋಲು ಹಿಡಿದ ಟೋಪಿ ಕಂಡರೆ ಟೀ ಅಂಗಡಿಯ ಹಿಂದೆ ಸರಿಯುತ್ತಿದ್ದ.

"ಮಾತಾಡ್ಸಿದ್ರೆ ಏನಂತಿದ್ರೋ ಟೀಚರ್," ಅಂದ.

"ಏನೂ ಅಂತಿರ್ಲಿಲ್ಲ. ಊಟ ಆಯ್ತಾ ಅಂತಿದ್ರು ಅಷ್ಟೆ." ರಮಾದೇವಿ ಬದುವಿನ ಮೇಲೆ ಕೂತರು. "ಕಾಲ್ ಮುರಿದ ಮೇಲೆ ಅವರು ಯಾವ ಮಗೂನೂ ಮುಟ್ಲಿಲ್ಲ ಮುರುಗೇಶ. ಹೊಡೆಯೋದಿರ್ಲಿ, ಬೆನ್ನು ತಟ್ಟೋದೂ ಬಿಟ್ಬಿಟ್ರು. ಒಂದು ಕೈ ಊರುಗೋಲಿಗೆ, ಇನ್ನೊಂದನ್ನ ಪ್ಯಾಂಟಿನ ಜೇಬಲ್ಲಿಟ್ಕೊಂಡೇ ಓಡಾಡೋರು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಟೀಚರ್ ಅಂದ್ರು ಒಂದ್ಸಲ."

"ಹುಡುಗ್ರು?"

"ಹುಡುಗ್ರಿಗೆ ಹಬ್ಬ. ದಾರ ಹೋಗಿ ಬೆಲ್ಟ್ ಬಂತು, ಬೆಲ್ಟ್ ಹೋಗಿ ಕಬ್ಬಿಣದ ಬಳೆ ಬಂತು." ಅವರು ಹೇಳಲೋ ಬೇಡವೋ ಎನ್ನುವ ಹಾಗೆ ಅವನ ಮುಖ ನೋಡಿದರು. "ಪ್ರಮೋದ್ ಅಂತ ಒಬ್ಬ ಹುಡುಗ, ಒಂಬತ್ತನೇ ಕ್ಲಾಸು. ಗೇಟಿನ ಹತ್ರ ನಾಲ್ಕು ಜನ ಕೆಡವ್ಕೊಂಡು ತುಳೀತಿದ್ರು. ಮಾಸ್ಟ್ರು ಅಲ್ಲೇ ಇದ್ರು, ಬೇವಿನ ಮರದ ಕೆಳಗೆ. ವಿಷಲ್ ಊದ್ತಿದ್ರು. ಊದ್ತಾನೇ ಇದ್ರು, ಊದ್ತಾನೇ ಇದ್ರು. ಹತ್ರ ಹೋಗ್ಲಿಲ್ಲ. ನಾನು ಸ್ಟಾಫ್ ರೂಮಿಂದ ಓಡಿಬಂದೆ. ಅಷ್ಟರಲ್ಲಿ ಆಗೋದು ಆಗೋಗಿತ್ತು. ಆ ಹುಡುಗನಿಗೆ ಈಗ ಒಂದು ಕಿವಿ ಕೇಳಲ್ಲ."

ಕಾಫಿ ತಣ್ಣಗಾಗಿತ್ತು. ಮುರುಗೇಶ ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ.

"ಅವತ್ತಿನ ರಾತ್ರಿಯಿಂದಾನೇ ಅವರು ಸೊರಗಿದ್ದು. ಇನ್ನೂ ಸರ್ವಿಸ್ ಇತ್ತು, ರಾಜೀನಾಮೆ ಬರ್ದುಕೊಟ್ಟು ಮನೇಲಿ ಕೂತ್ರು. ಕಾಲಿಂದ ಅಂತ ಎಲ್ಲರೂ ಅಂದ್ಕೊಂಡ್ರು."

"ನನ್ನಿಂದಾನೇ ಅಲ್ವಾ ಟೀಚರ್?"

"ನಿನ್ನಿಂದ ಅಂತ ಹೇಳೋಕೆ ಬಂದಿಲ್ಲ ನಾನು." ಅವರ ದನಿ ಸ್ವಲ್ಪ ಗಡುಸಾಯಿತು. "ಅವರು ಹೊಡೀಬಾರ್ದಾಗಿತ್ತು. ನನಗೂ ಗೊತ್ತಿತ್ತು, ಹೆಡ್ಮಾಸ್ಟರಿಗೂ ಗೊತ್ತಿತ್ತು. ನಮ್ಮ ಕ್ಲಾಸು ಸದ್ದಿಲ್ದೆ ನಡೀತಿತ್ತಲ್ಲ, ಅದಕ್ಕೇ ಸುಮ್ನಿದ್ವಿ. ಅವರಿಗೆ ಅದೊಂದೇ ದಾರಿ ಗೊತ್ತಿತ್ತು. ಅದನ್ನ ಬಿಟ್ಮೇಲೆ ಏನು ಮಾಡ್ಬೇಕು ಅಂತ ಅವರಿಗೂ ತಿಳೀಲಿಲ್ಲ, ನಾವೂ ಜೊತೆಗೆ ನಿಲ್ಲಲಿಲ್ಲ."

ತಮಟೆಯ ಸದ್ದು ಮನೆಯ ಕಡೆಯಿಂದ ಏರಿತು. ಟೀಚರ್ ಎದ್ದು ಸೆರಗು ಕೊಡವಿಕೊಂಡರು.

*

ಹೆಣವನ್ನು ಗುಳಿಯ ಪಕ್ಕ ಇಳಿಸಿದಾಗ ಬಿಸಿಲು ಇಳಿದಿತ್ತು. ಮುರುಗೇಶ ಮೆಷಿನನ್ನು ದೂರ ನಿಲ್ಲಿಸಿ, ಜನರ ಹಿಂದೆ ನಿಂತ. ಹರಿಕೃಷ್ಣ ಮೂರು ಸುತ್ತು ಬಂದು ಅಪ್ಪನ ಬಾಯಿಗೆ ಅಕ್ಕಿ ಹಾಕಿದ. ನಾಲ್ಕು ಜನ ಬಿಳಿ ಬಟ್ಟೆಯ ತುದಿಗಳನ್ನು ಹಿಡಿದು ಮೆಲ್ಲಗೆ ಇಳಿಬಿಟ್ಟರು.

ಅರ್ಧಕ್ಕೆ ಹೋಗಿ ದೇಹ ನಿಂತುಬಿಟ್ಟಿತು.

"ಏನದು?"

"ಕಾಲು ತಗುಲ್ತಾ ಐತೆ."

ಎಡಗಾಲು. ಆವತ್ತು ಮಡಿಚಿದ್ದು ಮತ್ತೆ ಪೂರ್ತಿ ನೀಡಿಕೊಂಡೇ ಇರಲಿಲ್ಲ. ಬಟ್ಟೆಯೊಳಗೆ ಮಂಡಿ ಪಕ್ಕಕ್ಕೆ ಚಾಚಿ, ಗುಳಿಯ ಗೋಡೆಯ ಬಂಡೆಗೆ ಸಿಕ್ಕಿಕೊಂಡಿತ್ತು. ಮುರುಗೇಶ ಎಲ್ಲರಿಗೂ ತೆಗೆಯುವ ಅಳತೆಗೇ ತೆಗೆದಿದ್ದ.

"ಸ್ವಲ್ಪ ಒತ್ತಿ ಕಣ್ಲಾ, ಕೂತ್ಕೊಂತದೆ," ಅಂದರು ವೆಂಕಟರಾಮಪ್ಪ.

"ಒತ್ತಬ್ಯಾಡ್ರಪ್ಪಾ!" ಜನರ ನಡುವಿನಿಂದ ಮಾಸ್ಟ್ರ ಹೆಂಡತಿ ಆದಿಲಕ್ಷ್ಮಮ್ಮ ಕೂಗಿಕೊಂಡರು. ಬೆಳಿಗ್ಗೆಯಿಂದ ಅವರ ದನಿ ಹೊರಟದ್ದು ಅದೇ ಮೊದಲು. "ಆ ಕಾಲ್ನ ಒತ್ತಬ್ಯಾಡ್ರಿ. ಮುಟ್ಟಿದ್ರೆ ನೋಯ್ತಿತ್ತು ಅದು. ಕೆಳಗೆ ದಿಂಬು ಇಕ್ಕಿದ್ರೇನೇ ನಿದ್ದೆ ಬರೋದು ಅವ್ರಿಗೆ."

"ಆದಿಲಕ್ಷ್ಮಮ್ಮಾ, ಈಗೇನು ನೋವು?" ವೆಂಕಟರಾಮಪ್ಪ ತಲೆ ತಗ್ಗಿಸಿ ಮೆಲ್ಲಗೆ ಅಂದರು.

ಮೆಷಿನ್ ಹಾಕಿ ಅಗಲ ಮಾಡಿಬಿಡಿ ಎಂದು ಯಾರೋ ಅಂದರು, ಬದು ಕುಸಿದರೆ ಎಂದು ಇನ್ಯಾರೋ ಅಂದರು. ಹರಿಕೃಷ್ಣ ಸುತ್ತ ನೋಡಿದ.

ಮುರುಗೇಶ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಮೇಲಕ್ಕೆತ್ಕೊಳ್ರಣ್ಣಾ ಒಂದು ಗಳಿಗೆ," ಎಂದು ಹಾರೆ ತೆಗೆದುಕೊಂಡು ಗುಳಿಗಿಳಿದ.

ಬಂಡೆ ಗಟ್ಟಿಯಿತ್ತು. ಒಂದೊಂದು ಏಟಿಗೆ ಬೆರಳಗಲ ಚಕ್ಕೆ ಏಳುತ್ತಿತ್ತು. ಅಂಗಿ ಬೆನ್ನಿಗಂಟಿತು. ಅವನು ತಲೆ ಎತ್ತಲಿಲ್ಲ. ಮೇಲೆ ತಮಟೆ ನಿಂತಿತ್ತು, ಹಾರೆಯ ಸದ್ದೊಂದೇ. ಮೊಣಕಾಲು ಹಿಡಿಯುವಷ್ಟು ಗೂಡಾದ ಮೇಲೆ ಕೈಯಿಂದ ಒಳಗನ್ನು ತಡವಿ ನೋಡಿದ. ಚೂಪಾಗಿ ಎದ್ದಿದ್ದ ಅಂಚನ್ನು ಮತ್ತೆ ತಟ್ಟಿ ನುಣುಪು ಮಾಡಿದ. ಹರಳು ಆರಿಸಿ ಹೊರಗೆಸೆದ. ಆಮೇಲೆ ಹಸಿ ಮಣ್ಣು ಬೊಗಸೆಯಲ್ಲಿ ತುಂಬಿ ಗೂಡಿನ ತಳಕ್ಕೆ ಸುರಿದು, ಅಂಗೈಯಲ್ಲಿ ತಟ್ಟಿ ತಟ್ಟಿ ನಡುವೆ ತಗ್ಗಿರುವ ಹಾಗೆ ಮೆತ್ತೆ ಮಾಡಿದ.

"ಇಳಿಸ್ರಿ," ಅಂದ.

ದೇಹ ಮೆಲ್ಲಗೆ ಇಳಿಯಿತು. ಮುರುಗೇಶ ಗುಳಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಚಾಚಿ ಮಂಡಿಯನ್ನು ಕೆಳಗಿನಿಂದ ಹಿಡಿದುಕೊಂಡ. ಬಟ್ಟೆಯ ಮೂಲಕ ಮೂಳೆಯ ಗಂಟು ಕೈಗೆ ಸಿಕ್ಕಿತು. ತೂಕವೇ ಇರಲಿಲ್ಲ. ಬಂಡೆಗೆ ತಾಗದ ಹಾಗೆ ಅದನ್ನು ಗೂಡಿನೊಳಕ್ಕೆ ಸರಿಸಿ ಮಣ್ಣಿನ ಮೇಲೆ ಇರಿಸಿದ.

"ಆಯ್ತು ಬಾ, ಮ್ಯಾಕ್ಕೆ ಬಾ," ವೆಂಕಟರಾಮಪ್ಪ ಕೈ ಚಾಚಿದರು.

ಮುರುಗೇಶ ಬರಲಿಲ್ಲ. ಮಂಡಿಯ ಕೆಳಗಿದ್ದ ಕೈಗಳನ್ನು ಇನ್ನೂ ತೆಗೆದಿರಲಿಲ್ಲ. ಮೇಲಿನಿಂದ ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡು ಚೆಲ್ಲಿದ ಮೊದಲ ಹಿಡಿ ಮಣ್ಣು ಅವನ ಮುಂಗೈಗಳ ಮೇಲೆ ಬಿತ್ತು.