ಅರವತ್ನಾಲ್ಕನೆಯ ಪಾಸು

“ಎಷ್ಟುದ್ದ ಬರ್ಬೇಕು ಸಾರ್?” ಬಿದಿರಿನ ಮೇಲೆ ಮಚ್ಚು ಇಟ್ಟುಕೊಂಡೇ ಚಟ್ಟ ಕಟ್ಟುವವನು ಕೇಳಿದ.

ಗುಂಡಣ್ಣನಿಗೆ ತಕ್ಷಣ ಹೇಳಲಾಗಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದ ಅಕ್ಕ. ಹೆಂಡತಿಯ ಕಡೆ ತಿರುಗಿದ. “ವಿಮಲಾ, ಅಕ್ಕ ನಿನ್ನಷ್ಟೇ ಇದ್ರಲ್ವಾ?”

“ನನಗಿಂತ ಸ್ವಲ್ಪ ಕುಳ್ಳು ಅನ್ಸುತ್ತೆ,” ಎಂದಳು ವಿಮಲಾ. ಅವಳಿಗೂ ಖಚಿತವಿರಲಿಲ್ಲ.

೧೯೮೬ರ ಮಾರ್ಚ್. ಜಯನಗರದ ಆ ಮನೆಯ ಅಂಗಳದಲ್ಲಿ ಅಕ್ಕಪಕ್ಕದವರೂ ಸೇರಿ ಎಂಟು ಜನರೂ ಇರಲಿಲ್ಲ. ಅಂಗವಿಕಲರಿಗೆ ಬಸ್ ಪಾಸು ಕೊಡುವ ಕಚೇರಿಯಲ್ಲಿ ಅಕ್ಕ ಚೂಡಾಮಣಿ ಗುಮಾಸ್ತೆಯಾಗಿದ್ದಳು, ಮದುವೆಯಾಗಿರಲಿಲ್ಲ. ಹಿಂದಿನ ಮಧ್ಯಾಹ್ನ ಕಚೇರಿಯಲ್ಲೇ ಕುಸಿದವಳು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಿದ್ದಳು. ಜೊತೆಗೆ ಹೋಗಿದ್ದವನು ಕಚೇರಿಯ ಜವಾನ ಸಂಜೀವಯ್ಯ ಒಬ್ಬನೇ.

ಆ ಸಂಜೀವಯ್ಯನೇ ಈಗ ಗೇಟು ತೆಗೆದು ಒಳಬಂದ. ಅವನ ಹಿಂದೆ ನಡುವಯಸ್ಸು ದಾಟಿದ ಒಬ್ಬ ಹೆಂಗಸು. ಅವಳ ಬೆನ್ನಿನ ಮೇಲೆ, ಕತ್ತನ್ನು ಬಳಸಿಕೊಂಡು, ಹತ್ತೊಂಬತ್ತರ ಹುಡುಗಿ. ಸೊರಗಿದ ಎರಡು ಕಾಲುಗಳು ಲಂಗದ ಕೆಳಗೆ ಜೋತಾಡುತ್ತಿದ್ದವು.

“ನಮ್ಮ ತಲಘಟ್ಟಪುರದೋರು ಸಾರ್, ಸೊಣ್ಣಮ್ಮ,” ಎಂದ ಸಂಜೀವಯ್ಯ. “ಸುದ್ದಿ ತಿಳಿಸೋಕೆ ಹೋದ್ರೆ, ಮೇಡಂನ ನೋಡ್ಲೇಬೇಕು ಅಂತ ಹಠ ಹಿಡಿದ್ರು.”

ಸೊಣ್ಣಮ್ಮ ಮಗಳನ್ನು ಜಗಲಿಯ ಮೇಲೆ ಕೂರಿಸಿದಳು. ಏದುಸಿರು ನಿಲ್ಲುವ ಮೊದಲೇ ಹೆಣದ ಕಡೆ ನೋಡಿ, “ನಮ್ಮನೇಲಿ ಯಾರೂ ಇಲ್ಲ ಅಂತ ಸುಳ್ಳು ಹೇಳ್ಬಿಟ್ಟೆ ಕಣವ್ವಾ,” ಎಂದಳು.

*

ಎಂಟು ವರ್ಷದ ಹಿಂದಿನ ಮಾತು. ಊರಾಚೆಯ ಹಳ್ಳಿಗಳ ಅಂಗವಿಕಲರಿಗೂ ಉಚಿತ ಪಾಸು ಕೊಡಲು ಹಣ ಕೇಳಿ ಹೋಗಿದ್ದ ಕಡತ ವಾಪಸು ಬಂದಿತ್ತು. ಎಷ್ಟು ಜನರಿದ್ದಾರೆಂದು ತಿಳಿಸದೆ ಹಣ ಮಂಜೂರು ಮಾಡಲಾಗದು ಎಂದು ಷರಾ ಬರೆದಿದ್ದರು.

“ಅಂದಾಜು ಹಾಕಿ ಕಳ್ಸಿ, ಅಥವಾ ಬಿಟ್ಬಿಡಿ. ಎಣಿಸೋಕೆ ಯಾರು ಹೋಗ್ತಾರೆ?” ಎಂದರು ಮೇಲಧಿಕಾರಿ.

ಚೂಡಾಮಣಿ ಹೋದಳು. ಭಾನುವಾರಗಳಂದು ಕನಕಪುರ ರಸ್ತೆಯ ಬಸ್ಸು ಹಿಡಿದು, ವಸಂತಪುರದಿಂದ ಶುರುಮಾಡಿ, ಮನೆ ಮನೆ ಹೊಕ್ಕಳು. ಕೊನೆಗೆ ತಲಘಟ್ಟಪುರದಲ್ಲಿ ಸೊಣ್ಣಮ್ಮ ಬಾಗಿಲಿಗೆ ಅಡ್ಡ ನಿಂತು, “ಅಂಥೋರು ಯಾರೂ ಇಲ್ಲ,” ಎಂದಳು. ದೊಡ್ಡ ಮಗಳಿಗೆ ಗಂಡು ನೋಡುತ್ತಿದ್ದ ಕಾಲ ಅದು. ಒಳಗೆ ಏನನ್ನೋ ನೆಲದ ಮೇಲೆ ಎಳೆದ ಸದ್ದಾಯಿತು. ಮಗುವೊಂದು ಕಿಸಕ್ಕನೆ ನಕ್ಕಿತು. ಚೂಡಾಮಣಿ ಏನೂ ಕೇಳಲಿಲ್ಲ. ಸೊಣ್ಣಮ್ಮ ಕೊಟ್ಟ ಮಜ್ಜಿಗೆ ಕುಡಿದು, ಬೀದಿಗೆ ಬಂದು, ಪಟ್ಟಿಯಲ್ಲಿ ಅರವತ್ಮೂರು ಎಂದಿದ್ದನ್ನು ಹೊಡೆದು ಅರವತ್ನಾಲ್ಕು ಎಂದು ಬರೆದಳು.

ಹಣ ಬಂತು. ಅರವತ್ಮೂರು ಪಾಸು ಹಂಚಿಹೋದವು. ಉಳಿದ ಒಂದಕ್ಕೆ ಹೆಸರಿಲ್ಲ, ಫೋಟೊ ಇಲ್ಲ. ಇಲ್ಲದವರ ಹೆಸರಲ್ಲಿ ಪಾಸು ಇಟ್ಟುಕೊಂಡಿದ್ದೀರಿ ಎಂದು ಅವಳಿಗೆ ಮೆಮೊ ಕೊಟ್ಟರು. ಬರಬೇಕಿದ್ದ ಬಡ್ತಿ ತಪ್ಪಿತು. ಪ್ರತಿ ವರ್ಷವೂ ಅವಳು ಪಟ್ಟಿಯ ಆ ಖಾಲಿ ಸಾಲಿನ ಮುಂದೆ “ಫೋಟೊ ಬರಬೇಕಿದೆ” ಎಂದೇ ಬರೆದಳು. ತಿಂಗಳಿಗೊಂದು ಭಾನುವಾರ ತಲಘಟ್ಟಪುರಕ್ಕೆ ಹೋದಳು.

*

“ಭಾನುವಾರ ಎಲ್ಲಿಗೆ ಹೋಗ್ತಾಳೆ ಅಂತ ಕೇಳೋದೇ ಬಿಟ್ಟಿದ್ವಿ,” ಎಂದ ಗುಂಡಣ್ಣ. “ನಿಮ್ಮನೆಗಾ?”

“ನಮ್ಮ ಜಗಲಿ ಮ್ಯಾಲೆ ಕೂತ್ಕೋತಿದ್ರು ಸ್ವಾಮಿ. ಮಜ್ಜಿಗೆ ಕುಡಿಯೋರು. ರಾಗಿ ಹೆಂಗಾಯ್ತು, ಎಮ್ಮೆ ಕರು ಹಾಕ್ತಾ ಅಂತ ಕೇಳೋರು. ಹೊರಡೋವಾಗ, ‘ಮನೇಲಿ ಯಾರಾದ್ರೂ ಇದಾರಾ ಸೊಣ್ಣಮ್ಮ?’ ಅನ್ನೋರು. ಇಲ್ಲ ಅನ್ನೋಳು ನಾನು. ದೊಡ್ಡ ಮಗಳ ಮದುವೆ ಆದ ಮ್ಯಾಲೂ ಹಂಗೇ ಅಂದೆ.”

“ದೊಡ್ಡ ಮಗಳ ಮದುವೆ ಆಯ್ತಂತಲ್ಲ. ಆಮೇಲಾದ್ರೂ ಹೇಳ್ಬಹುದಿತ್ತಲ್ಲ?” ಎಂದಳು ವಿಮಲಾ.

ಸೊಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹೇಳ್ಬಿಟ್ರೆ ಅವರ ಕೆಲಸ ಮುಗೀತಲ್ಲ ತಾಯಿ. ಮತ್ತೆ ಯಾಕ್ ಬರ್ತಾರೆ? ಗಂಡ ಸತ್ತ ಮ್ಯಾಲೆ ನಮ್ಮನೆ ಮೆಟ್ಟಿಲು ಹತ್ತಿದೋರು ಅವರೊಬ್ರೇ.”

ಸಂಜೀವಯ್ಯ ಅವಳ ಕಡೆ ತಿರುಗಿದ. “ಅವ್ರಿಗೆ ಮೊದಲ ದಿನದಿಂದ್ಲೂ ಗೊತ್ತಿತ್ತು ಸೊಣ್ಣಮ್ಮ. ಪಾಸ್ ತೆಗೆದಿಟ್ಟಿದ್ರು. ‘ಕೇಳ್ಬಿಡಿ ಮೇಡಂ’ ಅಂದ್ರೆ, ‘ಅವರಾಗೇ ಹೇಳ್ಲಿ ಸಂಜೀವಯ್ಯ, ಮುಂದಿನ ತಿಂಗಳು ಹೇಗೂ ಹೋಗ್ತೀನಲ್ಲ’ ಅನ್ನೋರು.”

ಸೊಣ್ಣಮ್ಮ ಜಗಲಿಯ ಕಂಬ ಹಿಡಿದು ಮೆಲ್ಲಗೆ ಕುಳಿತಳು.

“ನಾನು ಕಿಟಕಿ ಸಂದೀಲಿ ನೋಡ್ತಿದ್ದೆ,” ಎಂದಳು ಹುಡುಗಿ. ಗೌರಮ್ಮ ಎಂದು ಅವಳ ಹೆಸರು. ಅವಳ ದನಿಯಲ್ಲಿ ಅಳು ಇರಲಿಲ್ಲ. “ಅವರೂ ನೋಡೋರು. ನೀವಿಬ್ರೂ ಹರಟೆ ಹೊಡ್ಕೊಂಡು ಕೂರ್ತಿದ್ರಿ. ನಾನು ಒಳಗಿದ್ದೆ.”

ತಾಯಿ ಮಗಳ ಮುಖ ನೋಡಲಿಲ್ಲ.

ಹನ್ನೊಂದಕ್ಕೆ ಹೆಣ ಎತ್ತಿದರು. ನಾಲ್ಕನೆಯವರು ಸಿಗದೆ ಸಂಜೀವಯ್ಯನೇ ಹೆಗಲು ಕೊಟ್ಟ. ಗಂಡಸರು ಬನಶಂಕರಿಯ ಸುಡುಗಾಡಿನತ್ತ ಹೋದ ಮೇಲೆ ವಿಮಲಾ ಅಂಗಳಕ್ಕೆ ನೀರು ಸುರಿದಳು. “ಮನೆ ಮೈಲಿಗೆ, ನಿಮಗೆ ಕುಡಿಯೋಕೂ ಏನೂ ಕೊಡೋ ಹಾಗಿಲ್ಲ,” ಎಂದಳು. ಖಾಲಿ ಬಕೆಟ್ಟು ಹಿಡಿದು ಒಳಹೋದಳು.

ಸೊಣ್ಣಮ್ಮ ಮಗಳನ್ನು ಹೊತ್ತು ಬಸ್ ಸ್ಟಾಪಿಗೆ ಬಂದಳು. ಕಲ್ಲಿನ ಮೇಲೆ ಕೂರಿಸಿದಳು. ಬಿಸಿಲು ಏರಿತ್ತು. ಅವರ ಬಸ್ಸು ಬಂದು ನಿಂತಿತು. ಎತ್ತಿಕೊಳ್ಳಲು ಬಾಗಿದರೆ ಗೌರಮ್ಮ ಅವಳ ಕೈ ಸರಿಸಿದಳು.

“ಇದು ಹೋಗ್ಲಿ ಅಮ್ಮ.”

ಇನ್ನೊಂದು ಬಂತು. “ಇದೂ ಹೋಗ್ಲಿ.”

ರಸ್ತೆಯಲ್ಲಿ ಸೈಕಲ್ಲುಗಳು, ಆಟೊಗಳು, ಶಾಲೆಯಿಂದ ಹೊರಟ ಮಕ್ಕಳು, ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತವಳು. ಗೌರಮ್ಮ ಒಂದನ್ನೂ ಬಿಡದೆ ನೋಡುತ್ತಿದ್ದಳು. ಸೊಣ್ಣಮ್ಮ ಸೆರಗು ಹರಡಿ ಮಗಳ ತಲೆಗೆ ನೆರಳು ಹಿಡಿದು, ಪಕ್ಕದಲ್ಲಿ ನಿಂತೇ ಇದ್ದಳು.