ಮೊಣಕೈ ಅಳತೆ

ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಡಗಿ. ಹುಡುಗಿಯರು ನನಗಿಟ್ಟ ಹೆಸರು ಸಿಡಿಮದ್ದು. ಇಟ್ಟುಕೊಳ್ಳಲಿ. ಕಪಾಟಿನ ಬಾಗಿಲಿಗೆ ಜೋತುಬಿದ್ದು ಮುರಿಯುವವರಿಗೆ ಹಾರ ಹಾಕಬೇಕೇ?

ಆ ಬುಧವಾರ ಗಾಲಿಕುರ್ಚಿಯ ಹುಡುಗಿಯೊಬ್ಬಳು ಬಂದಳು. ಕೆಳಮಹಡಿಯಲ್ಲಿ ಖಾಲಿಯಿದ್ದದ್ದು ಒಂದೇ ಕೋಣೆ. ಅದರ ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು.

“ಕುರ್ಚಿ ಒಳಗೆ ಹೋಗದಿದ್ರೆ ರೂಮು ಕೊಡೋಕಾಗಲ್ಲಮ್ಮ,” ಎಂದರು ವಾರ್ಡನ್. “ಶನಿವಾರ ಸಂಜೆವರೆಗೆ ಕಾಯ್ತೀನಿ. ಆಮೇಲೆ ಪಟ್ಟಿಯಲ್ಲಿ ಮುಂದಿರೋರಿಗೆ.”

“ಬಾಗಿಲು ಅಗಲ ಮಾಡ್ಸಿ ಮೇಡಂ.”

“ಅರ್ಜಿ ಹಾಕಿದ್ರೆ ಮೂರು ತಿಂಗಳು.”

ಹೊರಗೆ ಮೆಟ್ಟಿಲಿಲ್ಲದ ಬಾಡಿಗೆ ಮನೆ ಅವಳಿಗೆ ಎಲ್ಲೂ ಸಿಕ್ಕಿರಲಿಲ್ಲ. ಈ ಕೋಣೆ ತಪ್ಪಿದರೆ ಓದು ಬಿಟ್ಟು ಊರಿಗೆ ಹಿಂತಿರುಗಬೇಕು. ಆದರೂ ಹುಡುಗಿ ಅಳಲಿಲ್ಲ. ಅಲ್ಲೇ ಕಪಾಟು ರಿಪೇರಿ ಮಾಡುತ್ತಿದ್ದ ನನ್ನ ಕಡೆ ತಿರುಗಿ, “ಕುಣಿಲಾರದೋಳು ನೆಲ ಡೊಂಕು ಅಂದ್ಳು ಅಂದ್ಕೋಬೇಡಿ ಮಾವ, ಇಲ್ಲಿ ಬಾಗಿಲೇ ಕಿರಿದು,” ಎಂದಳು.

ನನಗೆ ಪಿತ್ತ ನೆತ್ತಿಗೇರಿತು. “ಬಾಗಿಲು ಮಾಡೋಕೆ ನಾನಿದೀನಿ. ಅರ್ಜಿಗೆ ಉಳಿ ಹಿಡಿಯೋಕೆ ಬರುತ್ತಾ?” ಎಂದು ವಾರ್ಡನ್ನರನ್ನು ಕೇಳಿ ಟೇಪು ತೆಗೆದೆ. ಕುರ್ಚಿ ಇಪ್ಪತ್ತೈದು ಇಂಚು. ಗುರುವಾರ ದಪ್ಪ ಚೌಕಟ್ಟು ಕಿತ್ತು, ತೆಳ್ಳನೆಯದು ಕೂರಿಸಿ, ಇಪ್ಪತ್ತಾರು ಇಂಚು ದಾರಿ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಹುಡುಗಿ ಗಾಲಿ ಉರುಳಿಸಿಕೊಂಡು ಒಳಹೊಕ್ಕಳು. “ಅಯ್ಯೋ!” ಎರಡೂ ಕೈಯ ಗೆಣ್ಣು ಚೌಕಟ್ಟಿಗೆ ತರಚಿ ರಕ್ತ ಬಂದಿತ್ತು. ಅಳತೆ ತೆಗೆದಾಗ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಗಾಲಿ ತಾನಾಗಿ ಉರುಳುತ್ತದೆಯೇ? ಕತ್ತೆಯಂಥವನು ನಾನು, ಕುರ್ಚಿ ಅಳೆದಿದ್ದೆ, ಕೂತವಳನ್ನು ಅಳೆದಿರಲಿಲ್ಲ.

“ಯಾರಾದ್ರೂ ಹಿಂದಿನಿಂದ ತಳ್ಳಿದ್ರೆ ಆಯ್ತಲ್ಲ?” ಎಂದರು ವಾರ್ಡನ್.

“ನಿಮ್ಮನ್ನ ಬಚ್ಚಲಿಗೆ ಯಾರು ತಳ್ತಾರೆ ಮೇಡಂ?”

ಬಟ್ಟೆ ಹರಿದು ಅವಳ ಕೈಗೆ ಕಟ್ಟಿದೆ. “ಈಗ ಗಾಲಿ ಹಿಡಿ. ಮೊಣಕೈ ಎಷ್ಟು ಹೊರಗೆ ಹೋಗುತ್ತೋ ಹೋಗ್ಲಿ, ಸಂಕೋಚ ಬೇಡ.” ಮೂವತ್ತೆರಡು ಇಂಚು. ಇನ್ನು ಗೋಡೆ ಒಡೆಯದೆ ವಿಧಿಯಿರಲಿಲ್ಲ.

“ಗೋಡೆ ಮುಟ್ಟಿದ್ರೆ ನಿಮ್ಮ ಕೆಲಸ ಹೋಗುತ್ತೆ,” ಎಂದರು ವಾರ್ಡನ್.

“ಹೋಗೋ ಮುಂಚೆ ಇದನ್ನ ಮುಗಿಸ್ತೀನಿ,” ಎಂದು ಸುತ್ತಿಗೆ ಎತ್ತಿದೆ.

ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದೆ. ಹುಡುಗಿ ಮಡಿಲ ಮೇಲೆ ಬಾಂಡ್ಲಿ ಇಟ್ಟುಕೊಂಡು ಚೂರುಗಳನ್ನು ಹೊರಗೆ ಸಾಗಿಸಿದಳು.

“ಮೆತ್ತಗೆ ಹೊಡೀರಿ ಸಿಡಿಮದ್ದು ಮಾವ, ಮೇಲಿನ ಮಹಡಿ ಕೆಳಗೆ ಬಂದೀತು.”

“ಬಾಯಿ ಮುಚ್ಚಿ ಬಾಂಡ್ಲಿ ಹಿಡಿ.”

ಶನಿವಾರ ಮಧ್ಯಾಹ್ನ ಅಂಚಿಗೆ ಸಿಮೆಂಟು ಮೆತ್ತಿ, ಪಕ್ಕಕ್ಕೆ ಜಾರುವ ಬಾಗಿಲೊಂದನ್ನು ತೂಗುಹಾಕಿದೆ. ಸಂಜೆ ವಾರ್ಡನ್ನರ ಎದುರೇ ಹುಡುಗಿ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ವಾರ್ಡನ್ ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತರು. ಆಮೇಲೆ ತಾವೇ ಹೋಗಿ ರಿಜಿಸ್ಟರ್ ತಂದರು.

“ನೀವು ಸೋಮವಾರ ಆಫೀಸಿಗೆ ಬನ್ನಿ,” ಎಂದರು ನನಗೆ.

ಹುಡುಗಿ ಹೊರಗೆ ಬಂದು ಸಹಿ ಹಾಕಿ ತಲೆಯೆತ್ತಿದಳು. “ಲೈಬ್ರರಿ ಬಾಗಿಲು ನೋಡಿದೀರಾ ಮಾವ?”

“ಸೋಮವಾರ ಮೇಡಂ ಬೈದು ಮುಗಿಸ್ಲಿ, ಆಮೇಲೆ ಬರ್ತೀನಿ. ಕೈ ವಾಸಿ ಮಾಡ್ಕೊಂಡಿರು, ಅಳತೆಗೆ ಬೇಕು.”